ನಾಯಿಯ ಮೈಮೇಲಿನ ಉಣ್ಣಿ, ನಮ್ಮ ಮನೆಯ ಜ್ವರ



ಕಳೆದ ಸರ್ವಸದಸ್ಯರ ಸಭೆಯಲ್ಲಿ ಕಾಫಿಯ ಧಾರಣೆ, ಅಡಿಕೆಯ ಎಲೆಚುಕ್ಕಿ ರೋಗ, ಕೂಲಿಯಾಳುಗಳ ಅಭಾವ ಇವೆಲ್ಲ ಚರ್ಚೆಯಾಗಿ ಮುಗಿದ ಮೇಲೆ, ‘ಇತರ ವಿಷಯಗಳು’ ಎಂಬ ಕೊನೆಯ ಬಾಬಿನಲ್ಲಿ ಒಬ್ಬ ಹಿರಿಯ ಸದಸ್ಯರು ಎದ್ದು ನಿಂತು, ಊರಿನ ನಾಯಿಗಳಿಂದ ಉಣ್ಣಿ ಹೆಚ್ಚಾಗಿದೆ, ಆಳುಗಳ ಲೈನು ಮನೆಗಳಲ್ಲಿ ಜ್ವರ ಬಿಡುತ್ತಿಲ್ಲ, ಆದ್ದರಿಂದ ಸಂಘದ ಖರ್ಚಿನಲ್ಲಿ ನಾಯಿಗಳಿಗೆ ವಿಷ ಹಾಕಿಸಬೇಕು ಎಂದು ಸೂಚಿಸಿದರು. ನಾಲ್ಕಾರು ಮಂದಿ ಅನುಮೋದಿಸಿದರು. ಕಾರ್ಯದರ್ಶಿಯಾದ ನಾನು ಮುಂದಿನ ಸಭೆಯವರೆಗೆ ಅವಕಾಶ ಕೇಳಿದೆ. ನಾಯಿಗೆ ವಿಷ ಹಾಕುವುದು ಕಾನೂನಿನ ಪ್ರಕಾರ ಅಪರಾಧ ಎಂಬ ಒಂದೇ ಮಾತು ಹೇಳಿ ಆ ಸೂಚನೆಯನ್ನು ತಳ್ಳಿಹಾಕಬಹುದಿತ್ತು. ಆದರೆ ಸದಸ್ಯರ ಆತಂಕ ನಿಜವಾದದ್ದು. ನಾಯಿಗೂ ನಮಗೂ ನಡುವೆ ರೋಗದ ಸಂಬಂಧ ಇರುವುದೂ ನಿಜ. ಆ ಸಂಬಂಧ ಎಂಥದು, ಅದನ್ನು ಎಲ್ಲಿ ಕಡಿಯಬೇಕು ಎಂಬುದನ್ನು ತಿಳಿಯದೆ ಮತ ಹಾಕುವುದು ಸರಿಯಲ್ಲವೆಂದು ಈ ಪಾಠವನ್ನು ಬರೆಯುತ್ತಿದ್ದೇನೆ.

ಅಂಕಲಗಿಯಿಂದ ಬಂದ ಮರಿ

ನನ್ನ ಹುಟ್ಟೂರು ಗೋಕಾಕ ತಾಲ್ಲೂಕಿನ ಅಂಕಲಗಿ ಎಂಬುದು ನಿಮ್ಮಲ್ಲಿ ಹಲವರಿಗೆ ಗೊತ್ತು. ಧಾರವಾಡದಲ್ಲಿ ಕೃಷಿ ಪದವಿ ಮುಗಿಸಿ ಕೊಪ್ಪದ ಸೀಮೆಗೆ ಬಂದು ತೋಟ ಮಾಡಿ ಮೂವತ್ತು ವರ್ಷವಾದರೂ ಊರಿನ ನಂಟು ಬಿಟ್ಟಿಲ್ಲ. ಎರಡು ವರ್ಷದ ಹಿಂದೆ ದೀಪಾವಳಿಗೆ ಹೋದಾಗ ತಂಗಿಯ ಮನೆಯ ಹತ್ತಿರದ ಕುರುಬರ ಹಟ್ಟಿಯಿಂದ ಮುಧೋಳ ಜಾತಿಯ ಒಂದು ಮರಿ ತಂದೆ. ತೆಳುವಾದ ಮೈ, ಉದ್ದ ಕಾಲು, ಓಟದಲ್ಲಿ ಮೊಲವನ್ನು ಮೀರಿಸುವ ತಳಿ. ‘ಬಾಣ’ ಎಂದು ಹೆಸರಿಟ್ಟೆವು. ಅದರ ಜತೆಗೇ ನಮ್ಮ ಕಡೆಯ ಒಬ್ಬ ಆಳುಮಗನೂ ತೋಟದ ಕೆಲಸಕ್ಕೆ ಬಂದ. ಇಬ್ಬರೂ ಮಲಗುತ್ತಿದ್ದದ್ದು ಉಗ್ರಾಣದ ಜಗಲಿಯ ಮೇಲೆ, ಒಂದೇ ಗೋಣಿತಾಟಿನ ಆಚೆ ಈಚೆ.

ಮರುವರ್ಷದ ಬೇಸಿಗೆಗೆ ಬಾಣನ ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ ಉಣ್ಣಿ ಕಂಡವು. ನಾನು ಕಂಡೂ ಕಾಣದಂತಿದ್ದೆ. ನಾಯಿ ಎಂದ ಮೇಲೆ ಉಣ್ಣಿ ಇದ್ದದ್ದೇ ಎಂಬ ಭಾವನೆ. ಮೇ ತಿಂಗಳಲ್ಲಿ ಅದು ಅನ್ನ ಬಿಟ್ಟಿತು. ವಸಡು ಬಿಳಿಚಿಕೊಂಡಿತು. ಒಂದು ದಿನ ಮೂಗಿನಿಂದ ರಕ್ತ ಸುರಿಯಿತು. ಪಶು ವೈದ್ಯರ ಬಳಿ ಒಯ್ದೆ. ಅವರು ರಕ್ತ ಪರೀಕ್ಷೆ ಮಾಡಿ, ಇದು ಉಣ್ಣಿ ಜ್ವರ, ತಡವಾಗಿದೆ ಎಂದರು. ಮೂರನೆಯ ದಿನ ಬಾಣ ಹೋಯಿತು. ತೋಟದ ಮೂಲೆಯಲ್ಲಿ ಹೂಳಿದೆವು. ವೈದ್ಯರು ಕೊನೆಗೆ ಹೇಳಿದ ಒಂದು ಮಾತು ಆಗ ನನ್ನ ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ: “ನಾಯಿಯನ್ನೇನೋ ಇಲ್ಲಿಗೆ ತಂದಿರಿ. ಉಣ್ಣಿಗಳನ್ನು ಎಲ್ಲಿ ಬಿಟ್ಟು ಬಂದಿರಿ?”

ಎರಡು ವಾರ ಕಳೆದಿರಬೇಕು. ಆಳುಮಗ ಒಂದು ಬೆಳಿಗ್ಗೆ ಕಂಬಳಿ ಹೊದ್ದು ಬಂದು, “ಸಾವುಕಾರ್ರ, ಮೈ ಭಾಳ ನೋಯಾಕತ್ತೈತ್ರಿ, ತೆಲಿ ಸಿಡ್ಯಾಕತ್ತೈತಿ” ಎಂದ. “ಮೊದಲ ಮಳಿ ತೊಯಿಸಿಕೊಂಡೀಯಪಾ, ಎರಡು ದಿನ ಮಲಕ್ಕೋ” ಎಂದು ಜ್ವರದ ಮಾತ್ರೆ ಕೊಟ್ಟು ಕಳಿಸಿದೆ. ಎರಡು ದಿನ ನಾಲ್ಕಾಯಿತು. ಐದನೆಯ ದಿನ ಅವನ ಕೈಕಾಲಿನ ಮೇಲೆ, ಅಂಗೈ ಅಂಗಾಲಿನಲ್ಲಿಯೂ, ಕೆಂಪು ಚುಕ್ಕೆಗಳೆದ್ದವು. ಮಾತು ತೊದಲತೊಡಗಿತು. ಆಗ ಆಸ್ಪತ್ರೆಗೆ ಒಯ್ದೆ. ಅಲ್ಲಿಯ ವೈದ್ಯರು ಚುಕ್ಕೆ ನೋಡಿ ಕೇಳಿದ ಮೊದಲ ಪ್ರಶ್ನೆ: “ಇವರು ಮಲಗುವ ಜಾಗದಲ್ಲಿ ನಾಯಿ ಇದೆಯೆ?”

“ಇತ್ತು, ಸತ್ತಿತು” ಎಂದೆ.

“ಏನಾಗಿ ಸತ್ತಿತು?”

“ಉಣ್ಣಿ ಜ್ವರದಿಂದ.”

ಅವರು ನನ್ನ ಮುಖವನ್ನೇ ನೋಡಿದರು. ಐದು ದಿನ ಮೊದಲೇ ನಾನು ಹೇಳಬಹುದಾಗಿದ್ದ ಮಾತು ಅದು. ಡಾಕ್ಸಿಸೈಕ್ಲಿನ್ ಎಂಬ ಸಾಮಾನ್ಯ ಔಷಧ ಆರಂಭಿಸಿದ ಮೂರು ದಿನದಲ್ಲಿ ಜ್ವರ ಇಳಿಯಿತು. ಅವನು ಬದುಕಿ ಈಗಲೂ ನಮ್ಮ ತೋಟದಲ್ಲಿದ್ದಾನೆ. ಆದರೆ ಇನ್ನೆರಡು ದಿನ ತಡೆದಿದ್ದರೆ ಅಂಕಲಗಿಯಲ್ಲಿರುವ ಅವನ ತಾಯಿಗೆ ನಾನು ಏನು ಹೇಳಬೇಕಾಗುತ್ತಿತ್ತೋ ಎಂದು ನೆನೆದರೆ ಇಂದಿಗೂ ನಿದ್ದೆ ಬರುವುದಿಲ್ಲ.

ಒಂದೇ ಉಣ್ಣಿ, ಬೇರೆ ಬೇರೆ ರೋಗ

ನಾಯಿಯ ರೋಗ ಮನುಷ್ಯನಿಗೆ ಅಂಟಿತು ಎಂದು ಇದರಿಂದ ತಿಳಿಯಬಾರದು. ಬಾಣನನ್ನು ಕೊಂದದ್ದು ಎರ್ಲಿಕಿಯಾ ಎಂಬ ಸೂಕ್ಷ್ಮಾಣು. ಅದು ನಾಯಿಯ ಬಿಳಿ ರಕ್ತಕಣದೊಳಗೆ ಸೇರಿ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳನ್ನು ಇಳಿಸಿಬಿಡುತ್ತದೆ. ಮೂಗಿನಲ್ಲಿ ರಕ್ತ ಬಂದದ್ದು ಅದಕ್ಕೆ. ನಾಯಿಗೆ ಉಣ್ಣಿ ತರುವ ಇನ್ನೊಂದು ರೋಗ ಬೆಬಿಸಿಯಾ. ಇದು ಕೆಂಪು ರಕ್ತಕಣವನ್ನು ಒಡೆಯುವ ಪರಾವಲಂಬಿ. ನಾಯಿಯ ಮೂತ್ರ ಕಾಫಿ ಕಷಾಯದ ಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ ಇದನ್ನು ಶಂಕಿಸಬೇಕು. ಆಳುಮಗನಿಗೆ ಬಂದದ್ದು ಇವೆರಡೂ ಅಲ್ಲ. ಅದು ರಿಕೆಟ್ಸಿಯಾ ಜಾತಿಯ ಸೂಕ್ಷ್ಮಾಣುವಿನಿಂದ ಬರುವ, ‘ಭಾರತೀಯ ಉಣ್ಣಿ ಟೈಫಸ್’ ಎಂದು ಕರೆಯುವ ಜ್ವರ. ರೋಗಾಣು ಬೇರೆ, ರೋಗಿ ಬೇರೆ, ಆದರೆ ಹೊತ್ತು ತಂದ ವಾಹನ ಒಂದೇ: ನಾಯಿಯ ಕಂದು ಉಣ್ಣಿ.

ಇಂಥ ವಾಹನದ ಕಲ್ಪನೆ ಬಹಳ ಹಳೆಯದಲ್ಲ. 1893ರಲ್ಲಿ ಅಮೆರಿಕದ ಸ್ಮಿತ್ ಮತ್ತು ಕಿಲ್ಬೋರ್ನ್ ಎಂಬಿಬ್ಬರು ದನಗಳ ಕೆಂಪು ಮೂತ್ರದ ಜ್ವರವನ್ನು ಉಣ್ಣಿಯೇ ಹರಡುತ್ತದೆಂದು ಪ್ರಯೋಗದಿಂದ ತೋರಿಸಿದರು. ಉಣ್ಣಿ ಕಿತ್ತು ಸ್ವಚ್ಛವಾಗಿಟ್ಟ ದನಗಳು ರೋಗದ ದನಗಳ ಜತೆಗೇ ಇದ್ದರೂ ಅವಕ್ಕೆ ರೋಗ ಬರಲಿಲ್ಲ. ನಮ್ಮ ಪಾಠದ ತಿರುಳೆಲ್ಲ ಆ ಒಂದು ಪ್ರಯೋಗದಲ್ಲಿದೆ. ರೋಗ ಹರಡಲು ರೋಗಾಣು, ಅದನ್ನು ಹೊರುವ ಹುಳ, ಅದು ಸೇರುವ ಮೈ ಎಂಬ ಮೂರು ಕೊಂಡಿಗಳು ಬೇಕು. ಹುಳ ಎಂಬ ನಡುವಿನ ಕೊಂಡಿ ಕಳಚಿದರೆ ಉಳಿದೆರಡು ಒಂದನ್ನೊಂದು ಮುಟ್ಟಲಾರವು.

ಉಣ್ಣಿಯ ಬಾಳುವೆ

ಉಣ್ಣಿ ಕೀಟವಲ್ಲ. ಬೆಳೆದ ಉಣ್ಣಿಗೆ ಎಂಟು ಕಾಲು. ಜೇಡ, ಚೇಳುಗಳ ಬಳಗ ಅದು. ಮೊಟ್ಟೆಯೊಡೆದು ಬಂದ ಆರು ಕಾಲಿನ ಮರಿ ಒಮ್ಮೆ ರಕ್ತ ಹೀರಿ ನೆಲಕ್ಕೆ ಉದುರುತ್ತದೆ. ಪೊರೆ ಕಳಚಿ ಎಂಟು ಕಾಲಿನ ಎಳೆ ಉಣ್ಣಿಯಾಗಿ ಮತ್ತೊಮ್ಮೆ ಹತ್ತಿ ಹೀರುತ್ತದೆ, ಮತ್ತೆ ಉದುರುತ್ತದೆ. ಮೂರನೆಯ ಸಲ ಬೆಳೆದ ಉಣ್ಣಿಯಾಗಿ ಹತ್ತುತ್ತದೆ. ರಕ್ತ ಕುಡಿದು ಹರಳುಬೀಜದಂತೆ ಊದಿಕೊಂಡ ಹೆಣ್ಣು ಕಡೆಯ ಸಲ ಉದುರಿ, ಗೋಡೆಯ ಬಿರುಕಿನಲ್ಲೋ ಹಾಸುಗಲ್ಲಿನ ಸಂದಿಯಲ್ಲೋ ಸಾವಿರಗಟ್ಟಲೆ ಮೊಟ್ಟೆಯಿಟ್ಟು ಸಾಯುತ್ತದೆ. ಸೆಕೆಯ ದಿನಗಳಲ್ಲಿ ಈ ಸುತ್ತು ಎರಡು ತಿಂಗಳಿನ ಆಸುಪಾಸಿನಲ್ಲಿ ಮುಗಿಯುತ್ತದೆ. ಆಹಾರವಿಲ್ಲದೆ ತಿಂಗಳುಗಟ್ಟಲೆ ಕಾಯುವ ಶಕ್ತಿಯೂ ಅದಕ್ಕಿದೆ.

ಇದರಿಂದ ತಿಳಿಯಬೇಕಾದ ಅಂಶಗಳು ಎರಡು. ಮೊದಲನೆಯದು, ನಾಯಿಯ ಮೈಮೇಲೆ ಹತ್ತು ಉಣ್ಣಿ ಕಂಡರೆ ಅದರ ಎಷ್ಟೋ ಪಾಲು ಜಗಲಿಯ ಸಂದಿಯಲ್ಲಿದೆ ಎಂದರ್ಥ. ನಾಯಿಗೆ ಮಾತ್ರ ಔಷಧ ಹಾಕಿ ಜಗಲಿಯನ್ನು ಬಿಟ್ಟರೆ ಕೆಲಸ ಅರ್ಧವೂ ಆಗಲಿಲ್ಲ. ಎರಡನೆಯದು, ಕಂದು ಉಣ್ಣಿಗೆ ಮೂರು ಊಟಕ್ಕೂ ನಾಯಿಯೇ ಇಷ್ಟ. ಮನುಷ್ಯನನ್ನು ಅದು ಅಪರೂಪಕ್ಕೆ ಕಚ್ಚುತ್ತದೆ. ಆದರೆ ಸೆಕೆ ಹೆಚ್ಚಾದಾಗ, ನಾಯಿ ಇಲ್ಲವಾದಾಗ, ಹಸಿದ ಉಣ್ಣಿ ಹತ್ತಿರ ಸಿಕ್ಕ ಮೈಗೆ ಹತ್ತುತ್ತದೆ. ನಮ್ಮ ಜಗಲಿಯಲ್ಲಿ ನಡೆದದ್ದು ಇದೇ ಇರಬೇಕು. ಬಾಣ ಸತ್ತಿತು, ಅದರ ಉಣ್ಣಿ ಸಾಯಲಿಲ್ಲ, ಪಕ್ಕದಲ್ಲಿ ಆಳುಮಗ ಮಲಗಿದ್ದ.

ಈಗ ವಿಷ ಹಾಕುವ ಸೂಚನೆಯನ್ನು ಮತ್ತೊಮ್ಮೆ ಯೋಚಿಸಿ. ಊರಿನ ಐವತ್ತು ನಾಯಿಗಳನ್ನು ಒಂದೇ ವಾರದಲ್ಲಿ ಕೊಂದರೆ, ಆ ಐವತ್ತು ನಾಯಿಗಳನ್ನು ನಂಬಿದ್ದ ಉಣ್ಣಿಗಳೆಲ್ಲ ಯಾರ ಮೈ ಹುಡುಕಬೇಕು?

ಕಾಡಿನ ಉಣ್ಣಿ

ಮನೆಯ ಉಣ್ಣಿಯಂತೆ ಕಾಡಿನ ಉಣ್ಣಿಯೂ ಒಂದಿದೆ. 1957ರ ಮಾರ್ಚಿನಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತವು, ಸುತ್ತಲಿನ ಹಳ್ಳಿಗಳಲ್ಲಿ ಭಯಂಕರ ಜ್ವರ ಕಾಣಿಸಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹೊಸದೊಂದು ವೈರಸ್ಸನ್ನೂ ಅದನ್ನು ಹೊರುವ ಕಾಡು ಉಣ್ಣಿಯನ್ನೂ ಗುರುತಿಸಿದರು. ನಮ್ಮೂರಿನ ಹೆಸರಿನಿಂದಲೇ ಜಗತ್ತು ಅದನ್ನು ಕ್ಯಾಸನೂರು ಕಾಡಿನ ಕಾಯಿಲೆ ಎಂದು ಕರೆಯುತ್ತದೆ. ನಾವು ಮಂಗನ ಕಾಯಿಲೆ ಎನ್ನುತ್ತೇವೆ. ಮುಂದೆ ಅದು 2012ರಲ್ಲಿ ಬಂಡೀಪುರದಲ್ಲಿಯೂ, ಅನಂತರ ವಯನಾಡು, ಗೋವೆ, ಮಹಾರಾಷ್ಟ್ರದ ಸಿಂಧುದುರ್ಗಗಳಲ್ಲಿಯೂ ಕಾಣಿಸಿಕೊಂಡಿತು. ಗೋವೆಯ ಗೇರು ತೋಟಗಳ ಕೆಲಸಕ್ಕೆ ಹೋದ ನಮ್ಮ ಬೆಳಗಾವಿ ಜಿಲ್ಲೆಯ ಕೂಲಿಕಾರರಿಗೂ ತಗಲಿತು. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಅನುಭವಿಸಿದ ಸಂಕಟವನ್ನು ಅಡಿಕೆ ಬೆಳೆಗಾರರಾರೂ ಮರೆತಿಲ್ಲ.

ಈ ಉಣ್ಣಿಯ ಎಳೆಯ ಹಂತ, ಎಳ್ಳಿನಷ್ಟು ಸಣ್ಣದು, ನವೆಂಬರಿನಿಂದ ಮೇವರೆಗೆ ತರಗೆಲೆಯ ಮೇಲೆ ಕಾಯುತ್ತದೆ. ಅಡಿಕೆ ಕೊಯ್ಲು, ಕಾಫಿ ಕೊಯ್ಲು, ಸೊಪ್ಪಿನ ಬೆಟ್ಟದಿಂದ ದರಗು ತರುವುದು, ಎಲ್ಲವೂ ಅದೇ ತಿಂಗಳುಗಳಲ್ಲಿ ಎಂಬುದನ್ನು ಗಮನಿಸಿ. ಸೋಂಕಿನ ಮಂಗ ಸತ್ತು ಬಿದ್ದಲ್ಲಿ ಅದರ ಉಣ್ಣಿಗಳೆಲ್ಲ ಕೆಳಗಿಳಿದು ಆ ಜಾಗವೇ ಅಪಾಯದ ತಾಣವಾಗುತ್ತದೆ. ದನಗಳಿಗೆ ಈ ಕಾಯಿಲೆ ಬರುವುದಿಲ್ಲ, ಆದರೆ ಬೆಳೆದ ಉಣ್ಣಿಗೆ ರಕ್ತವೂಡಿ ಅದರ ಸಂತತಿಯನ್ನು ಹೆಚ್ಚಿಸುತ್ತವೆ. ನಾಯಿಯಿಂದ ಮಂಗನ ಕಾಯಿಲೆ ಬರುತ್ತದೆ ಎಂದು ಯಾರೂ ಹೆದರಬೇಕಾಗಿಲ್ಲ. ಆದರೆ ಕಾಡು ಸುತ್ತಿ ಬಂದ ನಾಯಿ, ದನ, ದರಗಿನ ಹೊರೆ ಇವುಗಳ ಜತೆಗೆ ಕಾಡಿನ ಉಣ್ಣಿ ಅಂಗಳದವರೆಗೆ ಬರಬಲ್ಲುದು ಎಂಬ ಎಚ್ಚರ ಬೇಕು.

ಇಲ್ಲಿ ಒಂದು ಮುಖ್ಯ ವ್ಯತ್ಯಾಸವಿದೆ. ಆಳುಮಗನಿಗೆ ಬಂದ ಉಣ್ಣಿ ಟೈಫಸ್‌ಗೆ ಔಷಧವುಂಟು. ಮಂಗನ ಕಾಯಿಲೆಯ ವೈರಸ್ಸಿಗೆ ನೇರ ಔಷಧವಿಲ್ಲ. ಹಿಂದೆ ಕೊಡುತ್ತಿದ್ದ ಲಸಿಕೆಯೂ ಸಾಕಷ್ಟು ಪರಿಣಾಮಕಾರಿಯಲ್ಲವೆಂದು 2022ರಲ್ಲಿ ನಿಂತುಹೋಯಿತು. ನೂರು ರೋಗಿಗಳಲ್ಲಿ ಮೂರರಿಂದ ಐದು ಮಂದಿ ಸಾಯುವ ಕಾಯಿಲೆ ಇದು. ಆಸ್ಪತ್ರೆಯ ಆರೈಕೆ ಬೇಗ ಸಿಕ್ಕಷ್ಟೂ ಬದುಕುವ ಸಾಧ್ಯತೆ ಹೆಚ್ಚು. ಎರಡೂ ಜ್ವರ ಮೊದಲ ದಿನ ನೋಡಲು ಒಂದೇ ತೆರ: ತಲೆನೋವು, ಮೈಕೈ ನೋವು, ಚಳಿ. ಯಾವುದೆಂದು ರಕ್ತ ಪರೀಕ್ಷೆಯೇ ಹೇಳಬೇಕು. ಆದ್ದರಿಂದ ಮನೆಯಲ್ಲಿ ಮಾತ್ರೆ ನುಂಗಿ ಕಾಯುವುದು ಜೂಜು.

ಹಾಳೆಯ ನೀರು

ಉಣ್ಣಿಯ ಮಾತಾಯಿತು. ಇನ್ನು ಸೊಳ್ಳೆ. ಒಂದು ಅಡಿಕೆ ಮರ ವರ್ಷಕ್ಕೆ ಸುಮಾರು ಏಳು ಸೋಗೆ ಕಳಚುತ್ತದೆ. ಎಕರೆಗೆ 550 ಮರವೆಂದರೆ 3,850 ಹಾಳೆ. ಮಳೆಗಾಲದಲ್ಲಿ ಕವುಚಿ ಬೀಳದೆ ಅಂಗಾತ ಬಿದ್ದ ಪ್ರತಿಯೊಂದು ಹಾಳೆಯೂ ಒಂದು ಬಟ್ಟಲು. ಹುಲಿಪಟ್ಟೆಯ ಈಡಿಸ್ ಸೊಳ್ಳೆಗೆ ಅಷ್ಟೇ ಸಾಕು. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ. 2006ರಲ್ಲಿ ರಾಜ್ಯದಲ್ಲೆಲ್ಲ ಮನೆಮಂದಿಯ ಗಂಟು ಹಿಡಿಸಿದ ಚಿಕುನ್‌ಗುನ್ಯಾ, ಪ್ರತಿ ಮಳೆಗಾಲ ಬರುವ ಡೆಂಗಿ ಇವೆರಡೂ ಈ ಸೊಳ್ಳೆಯ ಕೊಡುಗೆ. ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಹಾಳೆಯ ನೀರು ಇದರ ದೊಡ್ಡ ತವರೆಂದು ಕಂಡುಬಂದಿದೆ.

ನಾಯಿಗೆ ಇದರಲ್ಲಿ ಏನು ಪಾಲು ಎಂದು ಕೇಳಬಹುದು. ಡೆಂಗಿಯಲ್ಲಿ ಇಲ್ಲ. ಆದರೆ ಸೊಳ್ಳೆ ಹೊರುವ ಇನ್ನೊಂದು ಪರಾವಲಂಬಿ ಇದೆ, ಡೈರೋಫಿಲೇರಿಯಾ ಎಂಬ ದಾರದಂಥ ಹುಳು. ಆನೆಕಾಲು ರೋಗದ ಹುಳುವಿನ ದಾಯಾದಿ. ಇದು ನಾಯಿಯ ಚರ್ಮದಡಿ ವಾಸಿಸಿ, ಕಣ್ಣಿಗೆ ಕಾಣದ ಮರಿಗಳನ್ನು ರಕ್ತಕ್ಕೆ ಬಿಡುತ್ತದೆ. ನಾಯಿಯನ್ನು ಕಚ್ಚಿದ ಸೊಳ್ಳೆ ಆ ಮರಿಗಳನ್ನು ಹೊತ್ತು, ಕೆಲವು ದಿನಗಳ ಮೇಲೆ ಮನುಷ್ಯನನ್ನು ಕಚ್ಚಿದರೆ, ನಮ್ಮ ಚರ್ಮದಡಿ ಒಂದು ಗಂಟಾಗಿಯೋ, ಕೆಲವೊಮ್ಮೆ ಕಣ್ಣಿನ ಬಿಳಿಯ ಪೊರೆಯಡಿ ಹರಿದಾಡುವ ಹುಳುವಾಗಿಯೋ ಕಾಣಿಸಿಕೊಳ್ಳುತ್ತದೆ. ಕೇರಳದಲ್ಲಿಯೂ ನಮ್ಮ ಕರಾವಳಿಯಲ್ಲಿಯೂ ಕಣ್ಣಿನ ವೈದ್ಯರು ಇಂಥ ಹುಳುಗಳನ್ನು ಹೊರತೆಗೆದಿದ್ದಾರೆ. ಮನುಷ್ಯನಲ್ಲಿ ಅದು ಸಾಮಾನ್ಯವಾಗಿ ಸಂತಾನ ಬೆಳೆಸಲಾರದು. ಶಸ್ತ್ರಕ್ರಿಯೆಯಿಂದ ತೆಗೆದರೆ ವಾಸಿ. ಕಣ್ಣಿನಲ್ಲಿ ಏನೋ ಹರಿದಂತಾದರೆ ಗಾಬರಿಪಟ್ಟು ನಾಟಿ ಸೊಪ್ಪಿನ ರಸ ಹಿಂಡಬೇಡಿ, ಕಣ್ಣಿನ ವೈದ್ಯರಲ್ಲಿಗೆ ಹೋಗಿ.

ಮಣ್ಣು ಮತ್ತು ಬರಿಗಾಲು

ಹುಳದ ವಾಹನವೇ ಬೇಡದ ಪರಾವಲಂಬಿಗಳೂ ಇವೆ. ನಾಯಿಯ ಕೊಕ್ಕೆಹುಳುವಿನ ಮೊಟ್ಟೆ ಅದರ ಮಲದ ಮೂಲಕ ಮಣ್ಣಿಗೆ ಬೀಳುತ್ತದೆ. ನೆರಳು, ತೇವ, ಸಡಿಲ ಮಣ್ಣು ಅದಕ್ಕೆ ಬೇಕು. ನಮ್ಮ ತೋಟದಲ್ಲಿ ಮೂರೂ ಯಥೇಚ್ಛ. ಮರಿಹುಳು ಬರಿಗಾಲಿನ ಚರ್ಮ ಕೊರೆದು ಒಳಹೊಕ್ಕು, ಕೆಂಪು ಗೆರೆಯಂತೆ ಹರಿದಾಡಿ ವಿಪರೀತ ತುರಿಕೆ ತರುತ್ತದೆ. ಒಂದು ಜಾತಿ ಮನುಷ್ಯನ ಕರುಳಿನಲ್ಲಿಯೂ ಬೆಳೆದು ರಕ್ತ ಹೀರಬಲ್ಲುದು. ದುಂಡುಹುಳುವಿನ ಮಾತು ಬೇರೆ. ತಾಯಿಯ ಹೊಟ್ಟೆಯಲ್ಲಿರುವಾಗಲೇ ಮರಿಗೆ ಅದು ಅಂಟಿರುತ್ತದೆ. ಮರಿಗಳು ಆಡಿ ಹೊಲಸು ಮಾಡಿದ ಮಣ್ಣಿನಲ್ಲಿ ಮಕ್ಕಳು ಆಡಿ, ಕೈ ತೊಳೆಯದೆ ಉಂಡರೆ ಮೊಟ್ಟೆ ಅವರ ಹೊಟ್ಟೆ ಸೇರಿ, ಮರಿಹುಳು ಯಕೃತ್ತಿಗೋ ಕಣ್ಣಿಗೋ ಅಲೆದುಹೋಗುವುದುಂಟು. ನಾಯಿಯ ಲಾಡಿಹುಳುವಿನ ಒಂದು ಜಾತಿಯನ್ನು ಚಿಗಟ ಹೊರುತ್ತದೆ. ನಾಯಿಯನ್ನು ಮುದ್ದಾಡುವಾಗ ಚಿಗಟ ಬಾಯಿಗೆ ಹೋದ ಮಗುವಿಗೆ ಅದು ಬರಬಹುದು.

ಇವೆಲ್ಲಕ್ಕೂ ಪಶು ವೈದ್ಯರು ಕೊಡುವ ಜಂತುಹುಳುವಿನ ಔಷಧ ಬಹಳ ಅಗ್ಗ. ನಮ್ಮ ಆಳುಗಳ ಮಕ್ಕಳ ಕಾಲಿಗೆ ಒಂದು ಜೊತೆ ಚಪ್ಪಲಿ ಅದಕ್ಕಿಂತ ತುಸು ಹೆಚ್ಚು.

ಕುರಿಯ ಕರುಳು

ಮತ್ತೆ ಅಂಕಲಗಿಯ ಕಡೆಗೆ ಬರುತ್ತೇನೆ. ಗೋಕಾಕ, ಮೂಡಲಗಿ, ಹುಕ್ಕೇರಿಯ ಹೊಲಗಳಲ್ಲಿ ಕುರಿ ಹಿಂಡು, ಹಿಂಡಿಗೊಂದೆರಡು ನಾಯಿ ಸಾಮಾನ್ಯ ದೃಶ್ಯ. ಹಬ್ಬ ಹುಣ್ಣಿಮೆಗೆ ಕುರಿ ಕಡಿದಾಗ ಕರುಳು, ಗುಂಡಿಗೆಯ ಚೂರು, ನೀರುಗುಳ್ಳೆಯಿದ್ದ ಈಲಿ ಇವನ್ನು ನಾಯಿಗೆ ಎಸೆಯುವುದನ್ನು ನಾನು ಚಿಕ್ಕಂದಿನಿಂದ ಕಂಡಿದ್ದೇನೆ. ನಮ್ಮ ಮಲೆನಾಡಿನ ಸಂತೆಯ ಮಾಂಸದಂಗಡಿಯ ಹಿಂದೆ ನಡೆಯುವುದೂ ಅದೇ. ಆ ನೀರುಗುಳ್ಳೆಯಲ್ಲಿ ಒಂದು ಲಾಡಿಹುಳುವಿನ ನೂರಾರು ಮರಿತಲೆಗಳಿರುತ್ತವೆ. ಹಸಿಯಾಗಿ ತಿಂದ ನಾಯಿಯ ಕರುಳಿನಲ್ಲಿ ಅವು ಅರ್ಧ ಸೆಂಟಿಮೀಟರಿನಷ್ಟು ಹುಳುಗಳಾಗಿ, ಮಲದಲ್ಲಿ ಮೊಟ್ಟೆ ಉದುರಿಸುತ್ತವೆ. ಹುಲ್ಲಿನೊಡನೆ ಕುರಿ ಅದನ್ನು ತಿನ್ನುತ್ತದೆ; ನಾಯಿಯ ಮೈದಡವಿ ಕೈ ತೊಳೆಯದ ಮನುಷ್ಯನೂ ತಿನ್ನುತ್ತಾನೆ. ನಾಯಿಗೆ ಏನೂ ಆಗುವುದಿಲ್ಲ. ಮನುಷ್ಯನ ಈಲಿಯಲ್ಲೋ ಶ್ವಾಸಕೋಶದಲ್ಲೋ ಗುಳ್ಳೆ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆದು, ತೆಂಗಿನಕಾಯಿಯ ಗಾತ್ರಕ್ಕೂ ಬಂದು, ಒಡೆದರೆ ಪ್ರಾಣಕ್ಕೆ ಎರವಾಗುತ್ತದೆ. ಇದಕ್ಕೆ ಹೈಡಾಟಿಡ್ ಗುಳ್ಳೆ ಎನ್ನುತ್ತಾರೆ.

ಐಸ್‌ಲ್ಯಾಂಡ್ ಎಂಬ ಕುರಿಗಾಹಿಗಳ ದ್ವೀಪದಲ್ಲಿ ಈ ರೋಗ ಮನೆಮನೆಯಲ್ಲಿತ್ತು. 1863ರಲ್ಲಿ ಹ್ಯಾರಲ್ಡ್ ಕ್ರಾಬೆ ಎಂಬ ಡೆನ್ಮಾರ್ಕಿನ ಪಶು ವೈದ್ಯ ಅಲ್ಲಿಗೆ ಹೋಗಿ ನಾಯಿಗಳನ್ನು ಪರೀಕ್ಷಿಸಿ, ಕಾರಣವನ್ನು ಸರಳವಾಗಿ ವಿವರಿಸುವ ಒಂದು ಕಿರುಹೊತ್ತಗೆ ಬರೆದ. ಅದನ್ನು ಮನೆಮನೆಗೆ ಹಂಚಿದರು. ಚಳಿಗಾಲದ ರಾತ್ರಿ ದೀಪದ ಬೆಳಕಿನಲ್ಲಿ ಓದುವ ರೂಢಿಯಿದ್ದ ಜನ ಅದನ್ನು ಓದಿದರು, ಕರುಳನ್ನು ಹೂಳತೊಡಗಿದರು, ನಾಯಿಗಳಿಗೆ ಔಷಧ ಕೊಡಿಸಿದರು. ಕೆಲವು ದಶಕಗಳಲ್ಲಿ ರೋಗ ಇಳಿಯಿತು. ಆಮೇಲೆ ದ್ವೀಪದಿಂದಲೇ ಕಾಲ್ತೆಗೆಯಿತು. ನಮ್ಮ ಸಂಘದ ಈ ನಾಲ್ಕು ಪುಟದ ವಾರ್ತಾಪತ್ರಕ್ಕೆ ಅಂಥ ಭಾಗ್ಯ ಬಂದೀತೆಂಬ ಭ್ರಮೆ ನನಗಿಲ್ಲ. ಆದರೆ ಓದಿದ್ದನ್ನು ಮಾಡಿದರೆ ಏನಾಗಬಹುದು ಎಂಬುದಕ್ಕೆ ಅದು ನಿದರ್ಶನ.

ಮಾಡಬೇಕಾದದ್ದು

1. ವಾರಕ್ಕೊಮ್ಮೆ ನಾಯಿಯ ಕಿವಿಯೊಳಗು, ಕೊರಳಪಟ್ಟಿಯ ಅಡಿ, ಕಾಲ್ಬೆರಳ ಸಂದಿ, ಬಾಲದ ಬುಡ ನೋಡಿ. ಉಣ್ಣಿಯನ್ನು ಚಿಮುಟದಿಂದ ಚರ್ಮಕ್ಕೆ ತಾಗಿ ಹಿಡಿದು ನೇರವಾಗಿ ಎಳೆಯಿರಿ. ಬೀಡಿಯಿಂದ ಸುಡುವುದು, ಸೀಮೆಎಣ್ಣೆ ಹಚ್ಚುವುದು, ಉಗುರಿನಲ್ಲಿ ಒರೆಯುವುದು ಬೇಡ. ಕಿತ್ತದ್ದನ್ನು ಸಾಬೂನು ನೀರಿಗೆ ಹಾಕಿ.

2. ನಾಯಿಗೆ ಹಾಕುವ ಔಷಧ ಪಶು ವೈದ್ಯರು ಹೇಳಿದ್ದೇ ಆಗಿರಲಿ. ತೋಟದ ಕೀಟನಾಶಕ ಖಂಡಿತ ಬೇಡ. ಹಿಂದೆ ಬಿ.ಎಚ್.ಸಿ. ಪುಡಿ ಬಳಿಯುವ ರೂಢಿಯಿತ್ತು. 1997ರಲ್ಲಿಯೇ ಅದು ನಿಷೇಧವಾಗಿದೆ. ದನಕ್ಕೆ ತಂದ ಚುಚ್ಚುಮದ್ದನ್ನು ಅಂದಾಜಿನ ಮೇಲೆ ನಾಯಿಗೆ ಕೊಡಬೇಡಿ. ನಾಯಿಯ ಉಣ್ಣಿ ಔಷಧ ಕೆಲವು ಬೆಕ್ಕಿಗೆ ವಿಷ ಎಂಬುದೂ ನೆನಪಿರಲಿ.

3. ನಾಯಿ ಮಲಗುವ ಗೋಣಿತಾಟನ್ನು ವಾರಕ್ಕೊಮ್ಮೆ ಕುದಿಯುವ ನೀರಿನಲ್ಲಿ ಅದ್ದಿ ಬಿಸಿಲಿಗೆ ಹಾಕಿ. ಜಗಲಿಯ ಬಿರುಕನ್ನು ಸಿಮೆಂಟಿನಿಂದ ಮುಚ್ಚಿ. ನಾನು ಉಗ್ರಾಣದ ಜಗಲಿಗೆ ಎರಡು ಚೀಲ ಸಿಮೆಂಟು ಹಾಕಿಸಿದೆ. ಬಾಣ ಇದ್ದಾಗ ಹಾಕಿಸಬೇಕಾಗಿತ್ತು. ಯಾವ ಆಳೂ ನಾಯಿಯ ಪಕ್ಕ ನೆಲದ ಮೇಲೆ ಮಲಗದಂತೆ ಮಂಚ ಕೊಡಿ.

4. ನವೆಂಬರಿನಿಂದ ಮೇವರೆಗೆ ಕಾಡಂಚಿಗೆ ಹೋಗುವವರು ಮೈಮುಚ್ಚುವ ಬಟ್ಟೆ ತೊಡಲಿ, ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಹಚ್ಚಲಿ, ಬಂದೊಡನೆ ಬಿಸಿನೀರು ಸ್ನಾನ ಮಾಡಿ ಬಟ್ಟೆ ಒಗೆಯಲಿ. ದರಗಿನ ಹೊರೆಯನ್ನು ಮನೆಯಂಗಳದಲ್ಲಿ ಇಳಿಸಬೇಡಿ. ಮಂಗ ಸತ್ತದ್ದು ಕಂಡರೆ ಮುಟ್ಟದೆ, ನಾಯಿಯನ್ನೂ ಹತ್ತಿರ ಬಿಡದೆ, ಆರೋಗ್ಯ ಇಲಾಖೆಗೆ ತಿಳಿಸಿ.

5. ಮಳೆಗಾಲದಲ್ಲಿ ವಾರಕ್ಕೊಂದು ದಿನ ‘ಹಾಳೆ ದಿನ’ ಎಂದು ಇಟ್ಟುಕೊಳ್ಳಿ. ಬಿದ್ದ ಹಾಳೆಗಳನ್ನು ಆರಿಸಿ. ಚೆನ್ನಾದದ್ದು ತಟ್ಟೆ ಮಾಡುವವರಿಗೆ, ಉಳಿದದ್ದು ಕೊಚ್ಚಿ ಗೊಬ್ಬರದ ಗುಂಡಿಗೆ. ಬೋರ್ಡೋ ದ್ರಾವಣ ಕಲಸುವ ಡ್ರಮ್ಮುಗಳನ್ನು ಕೆಲಸ ಮುಗಿದೊಡನೆ ಬೋರಲು ಹಾಕಿ.

6. ಮಾಂಸ ಕಡಿದ ಮೇಲೆ ಉಳಿಕೆಯನ್ನು ನಾಯಿ ಅಗೆಯದಷ್ಟು ಆಳಕ್ಕೆ ಹೂಳಿ, ಇಲ್ಲವೆ ಚೆನ್ನಾಗಿ ಬೇಯಿಸಿ ಕೊಡಿ.

7. ಎಲ್ಲಕ್ಕಿಂತ ಮುಖ್ಯವಾದದ್ದು: ಜ್ವರ ಬಂದವರನ್ನು ವೈದ್ಯರಲ್ಲಿಗೆ ಒಯ್ದಾಗ ಅವರು ಕೇಳುವ ಮೊದಲೇ ಮೂರು ವಿಷಯ ಹೇಳಿ. ಮನೆಯಲ್ಲಿ ನಾಯಿ ಇದೆಯೆ, ಅದು ಕಾಯಿಲೆ ಬಿದ್ದಿತ್ತೆ? ಉಣ್ಣಿ ಕಚ್ಚಿತ್ತೆ? ಕಳೆದ ಎರಡು ಮೂರು ವಾರಗಳಲ್ಲಿ ಕಾಡಿಗೆ, ದರಗಿಗೆ ಹೋಗಿದ್ದರೆ? ಈ ಮೂರು ಮಾತಿಗೆ ಖರ್ಚಿಲ್ಲ. ನಾನು ಹೇಳದೆ ಐದು ದಿನ ಕಳೆದೆ.

ಸಭೆಗೆ ನನ್ನ ಸೂಚನೆ

ಹಳೆಯ ಕಾಲದಲ್ಲಿ ಉತ್ತರ ಕರ್ನಾಟಕದ ಮೆಟ್ಟಿಲು ಬಾವಿಗಳ ಊರುಗಳಲ್ಲಿ ನಾರುಹುಣ್ಣು ಎಂಬ ಕಾಯಿಲೆಯಿತ್ತು. ಕಾಲಿನಿಂದ ಮೊಳದುದ್ದದ ಹುಳು ಇಂಚಿಂಚಾಗಿ ಹೊರಬರುತ್ತಿತ್ತು, ಅದನ್ನು ಕಡ್ಡಿಗೆ ಸುತ್ತಿ ದಿನಗಟ್ಟಲೆ ಎಳೆಯುತ್ತಿದ್ದರು ಎಂದು ನಮ್ಮ ಅಜ್ಜಿ ಹೇಳುತ್ತಿದ್ದಳು. ಹುಳುವಿನ ಮರಿಯನ್ನು ಹೊರುತ್ತಿದ್ದದ್ದು ಬಾವಿಯ ನೀರಿನಲ್ಲಿದ್ದ ಸೈಕ್ಲಾಪ್ಸ್ ಎಂಬ ಅತಿ ಸಣ್ಣ ಜೀವಿ. ಆ ರೋಗಕ್ಕೆ ಲಸಿಕೆ ಇರಲಿಲ್ಲ, ಔಷಧವೂ ಇರಲಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿದರು, ಹುಣ್ಣಿದ್ದವರು ಬಾವಿಗಿಳಿಯದಂತೆ ನೋಡಿಕೊಂಡರು, ಮೆಟ್ಟಿಲು ಬಾವಿಯ ಬದಲು ಕೊಳವೆ ಬಾವಿ ಬಂತು. 1996ರಲ್ಲಿ ದೇಶದ ಕೊನೆಯ ರೋಗಿ ಕಂಡ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತ ನಾರುಹುಣ್ಣಿನಿಂದ ಮುಕ್ತವೆಂದು ಪ್ರಮಾಣಪತ್ರ ಕೊಟ್ಟಿತು. ಯಾರನ್ನೂ ಕೊಲ್ಲಲಿಲ್ಲ, ಕೊಂಡಿಯನ್ನು ಕಡಿದರು. ಆದರೆ ಆಫ್ರಿಕದ ಚಾಡ್ ದೇಶದಲ್ಲಿ ಮನುಷ್ಯರಲ್ಲಿ ಇನ್ನೇನು ಅಳಿಯಿತೆನ್ನುವಷ್ಟರಲ್ಲಿ, 2012ರಿಂದ ಅದೇ ಹುಳು ನಾಯಿಗಳಲ್ಲಿ ಕಾಣಿಸಿಕೊಂಡಿತು. ಅಲ್ಲಿಯ ಹಳ್ಳಿಯವರು ಹುಣ್ಣಿನ ನಾಯಿಯನ್ನು ವಾಸಿಯಾಗುವವರೆಗೆ ನೀರಿಗಿಳಿಯದಂತೆ ಕಟ್ಟಿಹಾಕುತ್ತಿದ್ದಾರೆ, ಮೀನಿನ ಕರುಳನ್ನು ಹೂಳುತ್ತಿದ್ದಾರೆ. ನಾಯಿಯನ್ನು ಬಿಟ್ಟು ಮನುಷ್ಯನ ಆರೋಗ್ಯವಿಲ್ಲ ಎಂಬುದನ್ನು ಅವರೂ ಕಷ್ಟದಿಂದ ಕಲಿತರು.

ಆದ್ದರಿಂದ ಮುಂದಿನ ಸಭೆಯಲ್ಲಿ ನಾನು ಮಂಡಿಸುವ ಸೂಚನೆ ಇದು: ವಿಷಕ್ಕೆಂದು ಕೇಳಿದ ಹಣದಿಂದಲೇ, ನವೆಂಬರಿಗೆ ಮುಂಚೆ ಪಶು ವೈದ್ಯರನ್ನು ಕರೆಸಿ ಊರಿನ ನಾಯಿಗಳಿಗೆಲ್ಲ ಉಣ್ಣಿ ಮತ್ತು ಜಂತುಹುಳುವಿನ ಔಷಧ ಕೊಡಿಸುವ ಒಂದು ದಿನದ ಶಿಬಿರ, ಲೈನು ಮನೆಗಳ ಜಗಲಿ, ಗೋಡೆಗಳ ಬಿರುಕು ಮುಚ್ಚಲು ಸದಸ್ಯರಿಗೆ ಸಿಮೆಂಟು ಸಾಲ. ಒಪ್ಪುವುದು ಬಿಡುವುದು ಸಭೆಗೆ ಸೇರಿದ್ದು. ವಿಷದ ಸೂಚನೆ ಮಂಡಿಸಿದ ಹಿರಿಯರ ಮನೆಗೂ ಈ ಪತ್ರದ ಒಂದು ಪ್ರತಿಯನ್ನು ನಾನೇ ಕೊಂಡೊಯ್ದು ಕೊಡುವವನಿದ್ದೇನೆ. ಅವರ ಲೈನು ಮನೆಯಲ್ಲಿ ಎರಡು ಮಕ್ಕಳಿಗೆ ಜ್ವರ ಬಂದಿತ್ತು. ಅವರ ಸಿ‌ಟ್ಟು ಆ ಮಕ್ಕಳ ಮೇಲಿನ ಕಕ್ಕುಲಾತಿಯಿಂದ ಹುಟ್ಟಿದ್ದೆಂದು ನನಗೆ ಗೊತ್ತಿದೆ.

ನಮ್ಮ ಮನೆಗೆ ಈಗ ಮತ್ತೊಂದು ಮರಿ ಬಂದಿದೆ, ಅಂಕಲಗಿಯದೇ. ಆಳುಮಗನೇ ಹೋಗಿ ತಂದ. ಪ್ರತಿ ಭಾನುವಾರ ಬೆಳಿಗ್ಗೆ ಅವನು ಅದರ ಕಿವಿ ಮಡಚಿ ನೋಡಿ, “ಇವತ್ತ ಏನೂ ಇಲ್ರಿ, ಸಾವುಕಾರ್ರ” ಎಂದು ಕೂಗಿ ಹೇಳುತ್ತಾನೆ.

ನಿಮ್ಮ,
ಕಾರ್ಯದರ್ಶಿ